ಡೀಸೆಲ್ ಗಾಡಿ ಹೀಟ್ ಆಗ್ತಿದೆಯಾ? ಇಜಿಆರ್ ತೊಳೆಯೋದಾ, ಬದಲಿಸೋದಾ, ಬಂದ್ ಮಾಡೋದಾ?

ಹೀಟ್ ಆಗುವ ಡೀಸೆಲ್ ಗಾಡಿಯನ್ನು ಹುಬ್ಬಳ್ಳಿಯ ಯಾವ ಗ್ಯಾರೇಜಿಗೆ ಬೇಕಾದರೂ ತಗೊಂಡು ಹೋಗಿ. ಚಹಾ ಬರೋದರೊಳಗೆ ಯಾರಾದರೂ ಒಬ್ಬರು ‘ಇಜಿಆರ್ ಬಂದ್ ಮಾಡಿಸಿಬಿಡ್ರಿ, ಎಲ್ಲಾ ಸರಿ ಹೋಗ್ತೈತಿ’ ಅಂದೇ ಅನ್ನುತ್ತಾರೆ. (ಇಜಿಆರ್ ಅಂದರೆ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ವಾಪಸ್ ಕಳಿಸುವ ಏರ್ಪಾಡು, ಆ ಹೊಗೆಯನ್ನು ತಣಿಸೋದು ಅದರ ಕೂಲರ್.) ಇನ್ನೊಬ್ಬರು ‘ಬ್ಯಾಡ್ರಿ, ಬಿಚ್ಚಿ ತೊಳಸ್ರಿ ಸಾಕು’ ಅನ್ನುತ್ತಾರೆ. ಶೋರೂಮಿನವರು ಹೊಸ ಕೂಲರ್‌ಗೆ ಎಸ್ಟಿಮೇಟ್ ಕೊಡುತ್ತಾರೆ, ಅದನ್ನು ನೋಡಿದ ಮೇಲೆ ಗಾಡಿಗಿಂತ ಮೊದಲು ನಮ್ಮ ತಲೆ ಬಿಸಿ ಆಗುತ್ತದೆ. ಗುಜರಿಯಲ್ಲಿ ಹಳೇದು ಸಿಗುತ್ತದೆ, ಬೆಸುಗೆ ಹಾಕಿಸಿದರೂ ನಡೆಯುತ್ತದೆ ಅನ್ನುವವರೂ ಇದ್ದಾರೆ. ಐದು ದಾರಿ, ಐದಕ್ಕೂ ವಕಾಲತ್ತು ಮಾಡುವವರು ಸಿಗ್ತಾರೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಐದರಲ್ಲಿ ಯಾವುದು ಅಂತ ಆರಿಸುವ ಮೊದಲು, ಇಜಿಆರ್‌ನಿಂದ ಗಾಡಿ ಹೀಟ್ ಆಗ್ತಿದೆಯಾ ಅಥವಾ ಹೀಟ್ ಆಗುವ ಗಾಡಿ ಇಜಿಆರ್ ಕೂಲರನ್ನು ಕೊಂದಿದೆಯಾ ಅನ್ನೋದನ್ನು ಬಗೆಹರಿಸಿಕೊಳ್ಳಬೇಕು. ಬಹಳ ಸಲ ಎರಡನೆಯದೇ ನಿಜ ಇರುತ್ತದೆ. ಅದನ್ನು ನೋಡದೆ ದುಡ್ಡು ಹಾಕಿದರೆ ಯಾವ ದಾರಿ ಹಿಡಿದರೂ ಗಾಡಿ ಮತ್ತೆ ಗ್ಯಾರೇಜಿಗೇ ಬರುತ್ತದೆ.

ಇಜಿಆರ್‌ಗೂ ರೇಡಿಯೇಟರ್‌ಗೂ ಏನು ಸಂಬಂಧ?

ಇಜಿಆರ್ ಮಾಡುವ ಕೆಲಸ ಇಷ್ಟೇ. ಸೈಲೆನ್ಸರ್ ಕಡೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿಸಿ ಮತ್ತೆ ಎಂಜಿನ್ನಿನ ಒಳಗೇ ಕಳಿಸುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಕಮ್ಮಿ, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ ಜಾಸ್ತಿ. ಅವೆರಡೂ ಬಿಸಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ, ಹಾಗಾಗಿ ಸಿಲಿಂಡರ್ ಒಳಗಿನ ಉರಿ ತೀರಾ ಮೇಲಕ್ಕೆ ಏರುವುದಿಲ್ಲ. ಉರಿ ಸುಮಾರು 1,500–1,600 ಡಿಗ್ರಿ ದಾಟಿತು ಅಂದರೆ ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕ ಎರಡೂ ಕೂಡಿ ನಾಕ್ಸ್ ಅನಿಲ ಆಗೋದು ಒಮ್ಮೆಲೇ ಜೋರಾಗುತ್ತದೆ. ಅದನ್ನು ತಡೆಯೋಕೆ ಈ ಏರ್ಪಾಡು.

ಒಳಗಿನ ಉರಿ ಕಮ್ಮಿ ಆದರೆ ಎಂಜಿನ್ ತಣ್ಣಗಿರಬೇಕಲ್ವಾ, ಮತ್ತೆ ರೇಡಿಯೇಟರ್‌ಗೆ ಯಾಕೆ ತೊಂದರೆ? ತೊಂದರೆ ಬರುವುದು ಕೂಲರ್‌ನಿಂದ. ಬಿಸಿ ಹೊಗೆಯನ್ನು ಹಾಗೇ ಒಳಗೆ ಬಿಟ್ಟರೆ ಅದು ಹಿಗ್ಗಿ ಜಾಗ ತಿನ್ನುತ್ತದೆ, ಒಳ್ಳೆ ಗಾಳಿಗೆ ಜಾಗ ಉಳಿಯೋದಿಲ್ಲ. ಅದಕ್ಕೆ ಮಧ್ಯದಲ್ಲಿ ಒಂದು ಸ್ಟೀಲಿನ ಕೂಲರ್ ಇಡುತ್ತಾರೆ. ಒಳಗಿನ ಸಣ್ಣ ಕೊಳವೆಗಳಲ್ಲಿ ಹೊಗೆ, ಸುತ್ತಲೂ ಎಂಜಿನ್ನಿನದೇ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ. ಲೋಡಿನಲ್ಲಿ ನಾನೂರು, ಐನೂರು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಡಿಗ್ರಿ ಬಿಸಿ ಇರುವ ಹೊಗೆ ಒಂದು ಬದಿಯಿಂದ ಒಳಗೆ ಹೋಗಿ, ಇನ್ನೊಂದು ಬದಿಯಿಂದ ನೂರೈವತ್ತು–ಇನ್ನೂರರ ಆಸುಪಾಸಿಗೆ ಇಳಿದು ಹೊರಗೆ ಬರುತ್ತದೆ. ಈ ಇಳಿದ ಬಿಸಿ ಎಲ್ಲಿಗೆ ಹೋಯಿತು? ಕೂಲಂಟ್‌ಗೆ. ಮೊದಲಾದರೆ ಸೈಲೆನ್ಸರ್‌ನಿಂದ ಹೊರಗೆ ಹೋಗಿ ಗಾಳಿ ಪಾಲಾಗುತ್ತಿದ್ದ ಬಿಸಿ ಈಗ ರೇಡಿಯೇಟರಿನ ತಲೆಗೆ ಬಂತು.

ಇದು ಸಣ್ಣ ಭಾರ ಅಲ್ಲ. 2002ರ ಅಕ್ಟೋಬರ್‌ನಿಂದ ಅಮೆರಿಕದ ದೊಡ್ಡ ಟ್ರಕ್ಕುಗಳಿಗೆ ಕೂಲರ್ ಇರುವ ಇಜಿಆರ್ ಬಂದಾಗ ರೇಡಿಯೇಟರ್, ಫ್ಯಾನ್ ಎಲ್ಲವನ್ನೂ ದೊಡ್ಡದು ಮಾಡಬೇಕಾಯಿತು. ದೊಡ್ಡ ಎಂಜಿನ್‌ಗಳಲ್ಲಿ ಕೂಲಂಟ್ ಹೊರುವ ಬಿಸಿ ಹೆಚ್ಚು ಕಮ್ಮಿ ಕಾಲು ಪಾಲು ಏರುತ್ತದೆ ಅಂತ ಲೆಕ್ಕ. ಗಾಡಿ ಹೊಸದಿದ್ದಾಗ ಕಂಪನಿಯವರು ಇದನ್ನೆಲ್ಲ ಲೆಕ್ಕ ಹಾಕಿಯೇ ರೇಡಿಯೇಟರ್ ಕೊಟ್ಟಿರುತ್ತಾರೆ. ಆದರೆ ಏಳೆಂಟು ವರ್ಷ ಆದ ಮೇಲೆ ರೇಡಿಯೇಟರ್ ಅರ್ಧ ಕಟ್ಟಿಕೊಂಡಿರುತ್ತದೆ, ಫ್ಯಾನ್ ಸೋತಿರುತ್ತದೆ, ಇಜಿಆರ್ ಮಾತ್ರ ತನ್ನ ಬಿಸಿ ತಂದು ಸುರಿಯೋದನ್ನು ಬಿಟ್ಟಿರೋದಿಲ್ಲ.

ಹೀಟ್ ಮೀಟರಿನ ಮುಳ್ಳು ಮೇಲೇರಿದರೆ ತಪ್ಪು ಯಾರದು?

ಇಲ್ಲೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸಣ್ಣ ಗಾಡಿಗಳಲ್ಲಿ, ಅಂದರೆ ಡೀಸೆಲ್ ಕಾರು, ಪಿಕಪ್ ಇಂಥವುಗಳಲ್ಲಿ, ಆ್ಯಕ್ಸಿಲರೇಟರ್ ಪೂರ್ತಿ ತುಳಿದಾಗ ಹೊಗೆ ಒಳಗೆ ಬಿಡುವ ಇಜಿಆರ್ ವಾಲ್ವ್ ಬಹುತೇಕ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್‌ಗೆ ಗಾಳಿ ಬೇಕು, ಹೊಗೆ ಬೇಡ. ಅದು ಜಾಸ್ತಿ ತೆರೆದಿರೋದು ಬೈಪಾಸಿನಲ್ಲಿ ಅರವತ್ತರಲ್ಲಿ ಆರಾಮಾಗಿ ಹೋಗುವಾಗ. ಹಾಗಿದ್ದರೆ ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಾಟು ಹತ್ತುವಾಗ ನಿಮ್ಮ ಪಿಕಪ್ ಕುದಿಯುತ್ತಿದ್ದರೆ, ಆ ಹೊತ್ತಿಗೆ ಇಜಿಆರ್ ಹೆಚ್ಚು ಕಮ್ಮಿ ರಜೆಯಲ್ಲಿರುತ್ತದೆ. ಅದನ್ನು ಬಂದ್ ಮಾಡಿಸಿ ಏನು ಉಪಯೋಗ? ದೊಡ್ಡ ಲಾರಿಗಳ ಕಥೆ ಬೇರೆ. ಅವುಗಳಲ್ಲಿ ಲೋಡಿನಲ್ಲೂ ಇಜಿಆರ್ ಕೆಲಸ ಮಾಡುತ್ತಿರುತ್ತದೆ, ಘಾಟಿನಲ್ಲಿ ಗಾಡಿ ನಿಧಾನ ಇರೋದರಿಂದ ಎದುರುಗಾಳಿಯೂ ಸಿಗೋದಿಲ್ಲ, ಆಗ ಎಲ್ಲಾ ಭಾರ ಫ್ಯಾನಿನ ಮೇಲೆ.

ಘಾಟಿನಲ್ಲಿ ಮಾತ್ರ ಮುಳ್ಳು ಏರಿ, ಬಯಲಿಗೆ ಬಂದ ಮೇಲೆ ಇಳಿದರೆ ಮೊದಲು ಫ್ಯಾನ್ ಕ್ಲಚ್ (ಬಿಸಿ ಏರಿದಾಗ ಫ್ಯಾನನ್ನು ಜೋರಾಗಿ ತಿರುಗಿಸುವ ಭಾಗ) ನೋಡಿ, ಆಮೇಲೆ ರೇಡಿಯೇಟರ್. ನಮ್ಮ ಕಡೆ ರೇಡಿಯೇಟರ್ ಕಟ್ಟಿಕೊಳ್ಳೋದಕ್ಕೆ ನಮ್ಮದೇ ಕಾರಣಗಳಿವೆ. ಹತ್ತಿ ಸೀಜನ್‌ನಲ್ಲಿ ಗದಗ, ಅಣ್ಣಿಗೇರಿ, ನವಲಗುಂದ ಕಡೆ ಓಡಾಡಿದ ಗಾಡಿ, ಗೋವಿನಜೋಳದ ರಾಶಿ ನಡೆಯುವಾಗ ಹಾವೇರಿ, ರಾಣೆಬೆನ್ನೂರು ಕಡೆ ಓಡಾಡಿದ ಗಾಡಿ, ಇವುಗಳ ಮುಂದಿನ ಜಾಲರಿ ತೆಗೆದು ನೋಡಿ. ಇಂಟರ್‌ಕೂಲರ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ತಣಿಸುವ ಜಾಲರಿ) ಮತ್ತು ರೇಡಿಯೇಟರ್ ಮಧ್ಯೆ ಎರಡು ಬೆರಳು ಸಂದಿ ಇರುತ್ತಲ್ಲ, ಅದರೊಳಗೆ ಹತ್ತಿ ನಾರು, ಹೊಟ್ಟು, ಎರಿಮಣ್ಣಿನ ಧೂಳು, ಮೇಲಿಂದ ಒಂದಿಷ್ಟು ಆಯಿಲ್ ಸೇರಿ ಕಂಬಳಿ ಥರ ಕೂತಿರುತ್ತದೆ. ಮುಂದಿನಿಂದ ನೀರು ಹೊಡೆದರೆ ಅದು ಹೋಗೋದಿಲ್ಲ, ಇನ್ನೂ ಒಳಗೆ ಒತ್ತಿಕೊಳ್ಳುತ್ತದೆ. ಎರಡನ್ನೂ ಬೇರ್ಪಡಿಸಿ, ಎಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ಹೊಡೆಯಬೇಕು. ಇದಕ್ಕೆ ತಗಲುವ ಖರ್ಚು ಕೂಲರ್ ಬೆಲೆಯ ಮುಂದೆ ಏನೂ ಅಲ್ಲ, ಆದರೂ ಇದನ್ನು ಕೊನೆಗೆ ಮಾಡಿಸುವವರೇ ಜಾಸ್ತಿ.

ಇನ್ನು ನೀರು. ಡ್ರೈವರ್‌ಗಳು ಡಾಬಾದಲ್ಲಿ, ಬಂಕಿನಲ್ಲಿ, ಸಿಕ್ಕಲ್ಲಿ ಸಿಕ್ಕ ನೀರು ಹಾಕುತ್ತಾರೆ. ಎರಿ ಭೂಮಿಯ ಬೋರ್ ನೀರು ಅಂದರೆ ಬಾಯಿಗಿಟ್ಟರೇ ಗೊತ್ತಾಗುತ್ತದೆ, ಸವಳು. ರೇಡಿಯೇಟರ್ ಒಳಗೆ ಅದು ಬಿಳಿ ಪದರ ಕಟ್ಟುತ್ತದೆ. ಎಲ್ಲಕ್ಕಿಂತ ಮೊದಲು ಎಲ್ಲಿ ಕಟ್ಟುತ್ತದೆ ಅಂದರೆ ಲೋಹ ಎಲ್ಲಿ ಅತಿ ಬಿಸಿ ಇದೆಯೋ ಅಲ್ಲಿ. ಅದು ಇಜಿಆರ್ ಕೂಲರ್. ಪದರ ಕಟ್ಟಿದ ಜಾಗದಲ್ಲಿ ಬಿಸಿ ನೀರಿಗೆ ದಾಟೋದಿಲ್ಲ, ಕೊಳವೆ ಅಲ್ಲೇ ಕಾಯುತ್ತದೆ, ತಣಿಯುತ್ತದೆ, ಮತ್ತೆ ಕಾಯುತ್ತದೆ, ಒಂದು ದಿನ ಸೀಳುತ್ತದೆ. ಸಾಲದ್ದಕ್ಕೆ ಉಪ್ಪಿನ ನೀರು ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕಿ ಚುಕ್ಕಿಯಾಗಿ ಕೊರೆಯುತ್ತದೆ.

ಬರಿ ನೀರಿನದು ಇನ್ನೊಂದು ತೊಂದರೆ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ಸ್ವಲ್ಪ ಮೇಲೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಸರಿಯಾಗಿ ಒತ್ತಡ ಹಿಡಿದರೆ 120ರ ಹತ್ತಿರದವರೆಗೂ ತಡೆಯುತ್ತದೆ, ಅರ್ಧಕ್ಕರ್ಧ ಕೂಲಂಟ್ ಬೆರೆಸಿದ್ದರೆ ಅದರ ಮೇಲೆ ಇನ್ನೊಂದು ಎಂಟ್ಹತ್ತು ಡಿಗ್ರಿ ಸಿಗುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದು, ಒಳಗೆ ಬರಿ ನೀರಿದ್ದರೆ ಎರಡೂ ಲಾಭ ಹೋಯಿತು. ಮೀಟರಿನ ಮುಳ್ಳು ಮಧ್ಯದಲ್ಲೇ ಇರುತ್ತದೆ, ಇಜಿಆರ್ ಕೂಲರ್ ಒಳಗೆ ಮಾತ್ರ ನೀರು ಕುದಿಯುತ್ತಿರುತ್ತದೆ.

ಕೂಲರ್ ಹೀಗೆ ಬೇರೆಯವರ ತಪ್ಪಿಗೆ ಸಾಯೋದು ನಮ್ಮಲ್ಲಿ ಮಾತ್ರ ಅಲ್ಲ. ಫೋರ್ಡ್ ಕಂಪನಿಯ 6.0 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್ ಎಂಜಿನ್ ಅಮೆರಿಕದ ಪಿಕಪ್‌ಗಳಲ್ಲಿ 2003ರಿಂದ 2007ರವರೆಗೆ ಬಂತು. ಅದರ ಇಜಿಆರ್ ಕೂಲರ್ ಒಡೆಯೋದು ಎಷ್ಟು ಮಾಮೂಲಿ ಆಯಿತು ಅಂದರೆ ಎಂಜಿನ್ನಿನ ಹೆಸರೇ ಕೆಟ್ಟಿತು. ಬಿಚ್ಚಿ ನೋಡಿದರೆ ಮೂಲ ಬೇರೆಲ್ಲೋ. ಕೂಲಂಟ್ ಮೊದಲು ಆಯಿಲ್ ಕೂಲರ್ ದಾಟಿ ಆಮೇಲೆ ಇಜಿಆರ್ ಕೂಲರ್‌ಗೆ ಬರುತ್ತಿತ್ತು. ಆಯಿಲ್ ಕೂಲರಿನ ಸಣ್ಣ ಸಂದಿಗಳು ಕಸದಿಂದ ಮುಚ್ಚಿಹೋಗಿ ಇಜಿಆರ್ ಕೂಲರ್‌ಗೆ ಕೂಲಂಟೇ ಸಾಲುತ್ತಿರಲಿಲ್ಲ. ಆಯಿಲ್ ಕೂಲರ್ ಮುಟ್ಟದೆ ಬರೀ ಇಜಿಆರ್ ಕೂಲರ್ ಬದಲಿಸಿದವರ ಹೊಸ ಕೂಲರ್‌ಗೂ ಅದೇ ಗತಿ ಕಾದಿರುತ್ತಿತ್ತು.

ಹೆಡ್ ಗ್ಯಾಸ್ಕೆಟ್ಟಾ, ಇಜಿಆರ್ ಕೂಲರ್ರಾ?

‘ಗಾಡಿ ನೀರು ಕುಡ್ಯಾಕತ್ತೈತ್ರಿ, ಹೊರಗ ಎಲ್ಲೂ ಸೋರವಲ್ದು.’ ಈ ಮಾತು ಕೇಳಿದ ತಕ್ಷಣ, ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಇರುವ ಗ್ಯಾಸ್ಕೆಟ್ ಹೋಗಿದೆ ಅಂತ ಹೆಡ್ ಬಿಚ್ಚೋಕೆ ಹೊರಡುವವರಿದ್ದಾರೆ. ಸ್ವಲ್ಪ ತಡೆಯಿರಿ. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಬರೋದು, ಬೆಳಿಗ್ಗೆ ಬಿಳಿ ಹೊಗೆ, ಹೊಗೆಗೆ ಒಂಥರಾ ಸಿಹಿ ವಾಸನೆ, ಇವೆಲ್ಲ ಎರಡೂ ರೋಗಕ್ಕೆ ಸಮಾನ. ಕೂಲಂಟ್ ಡಬ್ಬಿಯ ಬಾಯಿಗೆ ನೀಲಿ ದ್ರವದ ಬಾಟಲಿ ಹಿಡಿದು, ಬಣ್ಣ ತಿರುಗಿತಾ ಅಂತ ನೋಡುವ ಪರೀಕ್ಷೆಯೂ ಇಲ್ಲಿ ಮೋಸ ಮಾಡುತ್ತದೆ. ಅದು ಕೂಲಂಟ್‌ನಲ್ಲಿ ಹೊಗೆ ಸೇರಿದೆ ಅಂತ ಹೇಳುತ್ತದೆ ಅಷ್ಟೇ. ಹೊಗೆ ಗ್ಯಾಸ್ಕೆಟ್ ದಾಟಿ ಬಂತೋ, ಇಜಿಆರ್ ಕೂಲರಿನ ಸೀಳಿನಿಂದ ಬಂತೋ ಅದಕ್ಕೆ ಗೊತ್ತಿಲ್ಲ.

ಸೋರಿಕೆ ಎರಡೂ ದಿಕ್ಕಿಗೆ ಆಗುತ್ತದೆ ಅನ್ನೋದನ್ನು ನೆನಪಿಡಿ. ಲೋಡಿನಲ್ಲಿ ಓಡುವಾಗ ಟರ್ಬೊ ಮುಂದಿನ ಹೊಗೆಯ ಒತ್ತಡ ಕೂಲಂಟಿನ ಒತ್ತಡಕ್ಕಿಂತ ಜಾಸ್ತಿ ಆದಾಗ ಹೊಗೆ ಕೂಲಂಟಿಗೆ ನುಗ್ಗುತ್ತದೆ, ಗುಳ್ಳೆ ಬರುತ್ತದೆ, ಡಬ್ಬಿ ಉಕ್ಕುತ್ತದೆ. ಎಂಜಿನ್ ಆಫ್ ಮಾಡಿದಾಗ ಹೊಗೆಯ ಒತ್ತಡ ಸೊನ್ನೆ, ಕೂಲಂಟ್ ಮಾತ್ರ ಬಿಸಿಗೆ ಇನ್ನೂ ಒತ್ತಡದಲ್ಲಿದೆ, ಆಗ ಅದು ಹೊಗೆಯ ದಾರಿಗೆ ಇಳಿಯುತ್ತದೆ. ರಾತ್ರಿಯೆಲ್ಲ ತೊಟ್ಟಿಕ್ಕಿ ಸಿಲಿಂಡರ್‌ನಲ್ಲಿ ನಿಂತು, ಬೆಳಿಗ್ಗೆ ಸೆಲ್ಫ್ ಹೊಡೆದರೆ ಪಿಸ್ಟನ್ ಆ ನೀರನ್ನು ಅದುಮೋಕೆ ಹೋಗಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ‘ದಿನಾ ಒಂದು ಬಾಟ್ಲಿ ನೀರು ಹಾಕಿ ಓಡಸ್ತೀನಿ, ಸೀಜನ್ ಮುಗೀಲಿ’ ಅನ್ನುವವರಿಗೆ ಈ ಮಾತು.

ಬೇರ್ಪಡಿಸೋದು ಹೇಗೆ? ಮೊದಲು ಇಜಿಆರ್ ವಾಲ್ವ್ ಬಿಚ್ಚಿ ಕೂಲರಿನ ಬಾಯಿಗೆ ಟಾರ್ಚ್ ಹಿಡಿಯಿರಿ. ಒಣಗಿದ, ಮೆತ್ತಗಿನ ಕಪ್ಪು ಮಸಿ ಇದ್ದರೆ ಅದು ಮಾಮೂಲಿ. ಮಸಿ ತೊಳೆದುಹೋಗಿ ಲೋಹ ಕಾಣುತ್ತಿದ್ದರೆ, ಒದ್ದೆ ಇದ್ದರೆ, ಬಿಳಿ ಹುಡಿ ಅಂಟಿದ್ದರೆ ಕೂಲರ್ ಸೋರಿದೆ. ಅನುಮಾನ ಉಳಿದರೆ ಕೂಲರ್ ಇಳಿಸಿ, ನೀರಿನ ಕಡೆಯ ಎರಡು ಬಾಯಿ ಮುಚ್ಚಿ, ಒಂದಕ್ಕೆ ಗಾಳಿ ಪೈಪ್ ಜೋಡಿಸಿ, ಒಂದೂವರೆ–ಎರಡು ಬಾರ್ ಗಾಳಿ ತುಂಬಿಸಿ ಬಿಸಿನೀರಿನ ಡ್ರಮ್ಮಿನಲ್ಲಿ ಮುಳುಗಿಸಬೇಕು. ಬಿಸಿನೀರೇ ಆಗಬೇಕು. ತಣ್ಣೀರಿನಲ್ಲಿ ಸುಮ್ಮನೆ ಕೂರುವ ಕೂಲರ್, ಬಿಸಿಗೆ ಹಿಗ್ಗಿದ ಮೇಲೆ ಹೊಗೆ ಬಾಯಿಯಿಂದ ಸೂಜಿಮೊನೆ ಗಾತ್ರದ ಗುಳ್ಳೆಗಳ ಸಾಲು ಬಿಡೋಕೆ ಶುರು ಮಾಡುತ್ತದೆ. ಐದು ನಿಮಿಷ ಕಾಯಬೇಕು, ಆತುರ ಮಾಡಬಾರದು. ಅಲ್ಲೂ ಗುಳ್ಳೆ ಇಲ್ಲ ಅಂದರೆ ಆಗ ಹೆಡ್ ಕಡೆ ನೋಡಿ.

ಈಗ ದಾರಿಗಳನ್ನು ಒಂದೊಂದಾಗಿ ನೋಡೋಣ.

ತೊಳೆಯುವುದು

ಸೋರಿಕೆ ಇಲ್ಲ, ಮಸಿ ಕಟ್ಟಿದೆ, ಗಾಡಿ ಎಳೆಯೋದಿಲ್ಲ, ಕಪ್ಪು ಹೊಗೆ, ಮೈಲೇಜು ಬಿದ್ದಿದೆ. ಇಂಥ ಗಾಡಿಗೆ ತೊಳೆಯೋದೇ ಸರಿ. ಖರ್ಚು ಕಮ್ಮಿ, ಒಂದು ದಿನದ ಕೆಲಸ. ಆದರೆ ಹೀಟ್ ಇಳಿಯಲಿ ಅಂತ ತೊಳೆಸುತ್ತಿದ್ದರೆ ನಿಮಗೆ ನಿರಾಸೆ ಆಗಬಹುದು. ಯಾಕೆಂದರೆ ಮಸಿ ಕಟ್ಟಿದ ಕೂಲರ್ ಬಿಸಿಯನ್ನು ಕೂಲಂಟಿಗೆ ದಾಟಿಸೋದೇ ಇಲ್ಲ, ಹೊಗೆ ಬಿಸಿಯಾಗಿಯೇ ಎಂಜಿನ್ ಸೇರುತ್ತದೆ. ತೊಳೆದ ಮೇಲೆ ಕೂಲರ್ ತನ್ನ ಕೆಲಸ ಮತ್ತೆ ಶುರು ಮಾಡುತ್ತದೆ, ರೇಡಿಯೇಟರ್ ಸೋತಿದ್ದರೆ ಮುಳ್ಳು ಮೊದಲಿಗಿಂತ ಒಂದು ಗೆರೆ ಮೇಲೇ ನಿಲ್ಲಬಹುದು. ಆಗ ಮಿಸ್ತ್ರಿಗೆ ಬೈಯಬೇಡಿ, ರೇಡಿಯೇಟರ್ ನೋಡಿ.

ತೊಳೆಯೋಕೆ ಏನು ಹಾಕ್ತಾರೆ ಅಂತ ನಿಂತು ನೋಡಿ. ಕಾಸ್ಟಿಕ್ ಸೋಡಾ ಮಸಿ ತೆಗೆಯುತ್ತದೆ, ಆದರೆ ಅಲ್ಯೂಮಿನಿಯಂ ತಿನ್ನುತ್ತದೆ. ವಾಲ್ವಿನ ಬಾಡಿ ಬಹಳ ಗಾಡಿಗಳಲ್ಲಿ ಅಲ್ಯೂಮಿನಿಯಮ್ಮೇ. ಸಂಡಾಸಿಗೆ ಹಾಕುವ ಆ್ಯಸಿಡ್ ಅಂತೂ ಹತ್ತಿರವೂ ಬೇಡ, ಅದು ಸ್ಟೇನ್‌ಲೆಸ್ ಸ್ಟೀಲನ್ನೇ ಕೊರೆಯುತ್ತದೆ. ಕರೆಂಟಿನ ವಾಲ್ವ್ ಆದರೆ ಮೋಟಾರ್ ಇರುವ ಬದಿಗೆ ದ್ರವ ತಾಗಬಾರದು, ಕೂರಿಸಿದ ಮೇಲೆ ಸ್ಕ್ಯಾನರ್ ಹಾಕಿ ವಾಲ್ವಿನ ಸ್ಥಾನ ಮತ್ತೆ ಕಲಿಸಬೇಕು. ತೊಳೆದು ನಾಲ್ಕು ತಿಂಗಳಿಗೇ ಮತ್ತೆ ಕಟ್ಟಿಕೊಂಡರೆ ಇಂಜೆಕ್ಟರ್ ಹೊಗೆ ಮಾಡ್ತಿದೆ ಅಥವಾ ಟರ್ಬೊದಿಂದ ಆಯಿಲ್ ಬರ್ತಿದೆ ಅಂತ ಅರ್ಥ. ದಿನಕ್ಕೆ ನಾಲ್ಕೈದು ಸಲ ಸ್ಟಾರ್ಟ್ ಮಾಡಿ ದುರ್ಗದಬೈಲ್, ಕೊಪ್ಪಿಕರ್ ರೋಡಿನಲ್ಲಿ ತೆವಳುವ ಗಾಡಿಗೂ ಬೇಗ ಕಟ್ಟುತ್ತದೆ, ಅದಕ್ಕೆ ಮದ್ದಿಲ್ಲ. ವಾರಕ್ಕೊಮ್ಮೆ ಬೈಪಾಸಿನಲ್ಲಿ ಅರ್ಧ ತಾಸು ಚೆನ್ನಾಗಿ ಓಡಿಸಿದರೆ ಸ್ವಲ್ಪ ತಡವಾಗುತ್ತದೆ ಅಷ್ಟೇ.

ಹೊಸ ಕೂಲರ್

ಸೋರಿಕೆ ಖಾತ್ರಿ ಆದರೆ ನನ್ನ ಆಯ್ಕೆ ಇದೇ. ಬೆಲೆ ನೋವಾಗುತ್ತದೆ, ಒಪ್ಪುತ್ತೇನೆ. ಸಣ್ಣ ಗಾಡಿಗೆ ಸಾವಿರಗಳ ಲೆಕ್ಕ, ದೊಡ್ಡ ಲಾರಿಗೆ ಹತ್ತಾರು ಸಾವಿರ. ಆದರೆ ಬಾಗಿದ ರಾಡಿನ ಎಂಜಿನ್ ಕೆಲಸದ ಮುಂದೆ ಅದು ಸಣ್ಣದೇ. ಕಂಪನಿಯದು ಸಿಗದಿದ್ದರೆ ಮಾರ್ಕೆಟ್ ಮಾಲು ತರಬಹುದು, ಆದರೆ ಕೈಯಲ್ಲಿ ಹಿಡಿದು ಹಳೇದರ ಪಕ್ಕ ಇಟ್ಟು ನೋಡಿ. ತೂಕ ತೀರಾ ಕಮ್ಮಿ ಇದ್ದರೆ, ಒಳಗಿನ ಕೊಳವೆಗಳ ಸಂಖ್ಯೆ ಕಮ್ಮಿ ಇದ್ದರೆ ಬೇಡ. ಒಳಗೆ ತೆಳು ರೆಕ್ಕೆಗಳಿರುವ ಮಾದರಿ ಬಿಸಿ ಚೆನ್ನಾಗಿ ಇಳಿಸುತ್ತದೆ, ಆದರೆ ಬೇಗ ಕಟ್ಟಿಕೊಳ್ಳುತ್ತದೆ. ನೇರ ದುಂಡು ಕೊಳವೆಯದು ತೊಳೆಯೋಕೆ ಸುಲಭ. ಎರಡೂ ಸಿಗುತ್ತಿದ್ದರೆ ಧೂಳಲ್ಲಿ, ಊರೊಳಗೆ ಓಡುವ ಗಾಡಿಗೆ ಎರಡನೆಯದನ್ನೇ ಹಾಕಿಸುತ್ತೇನೆ.

ಹೊಸದು ಹಾಕುವ ದಿನವೇ ಮೂರು ಕೆಲಸ ಸೇರಿಸಿ ಮಾಡಿಸಿ: ಒಳಗಿನ ಪೂರ್ತಿ ಕೂಲಂಟ್ ತೆಗೆದು ಫ್ಲಶ್ ಮಾಡೋದು, ಹೊಸ ಕ್ಯಾಪ್, ಹೊಸ ಥರ್ಮೋಸ್ಟಾಟ್. ಆಯಿಲ್ ಕೂಲರ್ ಪಕ್ಕದಲ್ಲೇ ಇದ್ದರೆ ಅದನ್ನೂ ಬಿಚ್ಚಿ ನೋಡಿ. ಕೂಲಂಟ್ ತುಂಬುವಾಗ ಗಾಳಿ ತೆಗೆಯೋದನ್ನು ಮರೆಯಬಾರದು. ಇದಕ್ಕೆಂದೇ ಕೆಲವು ಎಂಜಿನ್‌ಗಳಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಅಲ್ಲಿಂದ ಗುಳ್ಳೆ ನಿಂತು ಕೂಲಂಟ್ ಒಂದೇ ಧಾರೆಯಲ್ಲಿ ಬರುವವರೆಗೆ ಬಿಡಬೇಕು. ಕೂಲರ್ ಒಳಗೆ ಗಾಳಿ ಹಿಡಿದು, ಮೊದಲ ದಿನವೇ ಒಣ ಕೊಳವೆಗೆ ಐನೂರು ಡಿಗ್ರಿ ಹೊಗೆ ಬಡಿದರೆ ಹೊಸ ಕೂಲರಿನ ಆಯುಷ್ಯ ಅಲ್ಲಿಗೇ ಅರ್ಧ ಆಯಿತು.

ಬೆಸುಗೆ, ಗುಜರಿ

ಬೆಸುಗೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹೊರಗಿನ ಫ್ಲ್ಯಾಂಜ್, ಅಂದರೆ ಬೋಲ್ಟು ಕೂರುವ ಅಂಚು, ಸೀಳಿದ್ದರೆ, ಕೈ ಪಳಗಿದ ಆರ್ಗಾನ್ ವೆಲ್ಡಿಂಗ್‌ನವರು ಹಾಕಿ ಕೊಡುತ್ತಾರೆ, ನಿಲ್ಲುತ್ತದೆ. ಒಳಗಿನ ಕೊಳವೆ ಸೀಳಿದ್ದರೆ ಬೇಡ. ಅವು ಕಾಗದದಷ್ಟು ತೆಳು, ಒಂದಕ್ಕೆ ಬೆಸುಗೆ ಹಾಕುವ ಬಿಸಿಗೆ ಪಕ್ಕದ ನಾಲ್ಕರ ಜೋಡಣೆ ಸಡಿಲವಾಗುತ್ತದೆ.

ಗುಜರಿಯ ಕೂಲರ್ ಅಂದರೆ ನಿಮ್ಮದಷ್ಟೇ ವಯಸ್ಸಾದ, ಯಾವ ನೀರು ಕುಡಿದಿದೆ ಅಂತ ಗೊತ್ತಿಲ್ಲದ ಕೂಲರ್. ತರಲೇಬೇಕು ಅಂದರೆ ಅದೇ ಬಿಸಿನೀರಿನ ಪರೀಕ್ಷೆ ಮಾಡಿಯೇ ದುಡ್ಡು ಕೊಡಿ. ಅಂಗಡಿಯವರು ಪರೀಕ್ಷೆ ಮಾಡೋಕೆ ಬಿಡದಿದ್ದರೆ ಅದರಲ್ಲೇ ಉತ್ತರ ಇದೆ.

ಬಂದ್ ಮಾಡುವುದು

ಒಂದು ತಗಡಿನ ಪ್ಲೇಟು, ಎರಡು ಬೋಲ್ಟು, ಅರ್ಧ ತಾಸು. ಎಲ್ಲಕ್ಕಿಂತ ಅಗ್ಗ. ಮಾಡಿಸಿದ ಮೇಲೆ ದೊಡ್ಡ ಗಾಡಿಗಳಲ್ಲಿ ಮುಳ್ಳು ಒಂದು ಗೆರೆ ಇಳಿಯೋದೂ ನಿಜ, ಅದನ್ನು ನಾನು ಅಲ್ಲಗಳೆಯೋದಿಲ್ಲ. ಕೂಲಂಟಿಗೆ ಬರುತ್ತಿದ್ದ ಬಿಸಿಯಲ್ಲಿ ಒಂದು ಪಾಲು ನಿಂತರೆ ಇಳಿಯಲೇಬೇಕು. ಮಿಸ್ತ್ರಿ ಅದನ್ನೇ ತೋರಿಸಿ ‘ನೋಡ್ರಿ, ನಾ ಹೇಳಿದ್ನಿಲ್ಲ?’ ಅನ್ನುತ್ತಾರೆ. ಕಟ್ಟಿಕೊಂಡ ರೇಡಿಯೇಟರ್, ಸೋತ ಫ್ಯಾನ್ ಹಾಗೇ ಇವೆ. ಮಾರ್ಚ್ ಬಂದು ಬಿಸಿಲು ಏರಿದಾಗ ಮುಳ್ಳು ಮತ್ತೆ ಮೇಲೆ ಹೋಗುತ್ತದೆ, ಆಗ ಬಂದ್ ಮಾಡೋಕೆ ಏನೂ ಉಳಿದಿರೋದಿಲ್ಲ.

ಇನ್ನೊಂದು ತಮಾಷೆ ನೋಡಿ. ಕೂಲರ್ ಸೋರುತ್ತಿರುವಾಗ ಹೊಗೆಯ ಒಂದು ಬಾಯಿಗೆ ಮಾತ್ರ ಪ್ಲೇಟು ಹಾಕಿ ಕಳಿಸುತ್ತಾರೆ. ಕೂಲಂಟಿನ ಪೈಪು ಹಾಗೇ ಇದೆ, ಸೀಳೂ ಹಾಗೇ ಇದೆ. ಕೂಲಂಟ್ ಇನ್ನೊಂದು ಬಾಯಿಯಿಂದ ಹೊರಗೆ ಬರುತ್ತದೆ. ಸೋರಿಕೆ ನಿಲ್ಲಲೇ ಇಲ್ಲ, ಹೋಗುವ ದಿಕ್ಕು ಮಾತ್ರ ಬದಲಾಯಿತು.

ಕಾನೂನು ಪ್ರಕಾರವೂ ಇದು ತಪ್ಪು. ಗಾಡಿಗೆ ಯಾವ ರೂಪದಲ್ಲಿ ಒಪ್ಪಿಗೆ ಸಿಕ್ಕಿದೆಯೋ ಅದನ್ನು ಬದಲಿಸುವ ಹಾಗಿಲ್ಲ, ಹೊಗೆ ನಿಯಂತ್ರಣದ ಭಾಗ ಅಂತೂ ಮುಟ್ಟುವ ಹಾಗೇ ಇಲ್ಲ. ‘ಎಮಿಷನ್ ಟೆಸ್ಟ್ ಪಾಸ್ ಆಗ್ತೈತಲ್ರಿ’ ಅನ್ನುತ್ತಾರೆ. ಆಗುತ್ತದೆ, ಯಾಕೆಂದರೆ ಡೀಸೆಲ್ ಗಾಡಿಗೆ ನಮ್ಮಲ್ಲಿ ಮಾಡುವ ಆ ಪರೀಕ್ಷೆ ಹೊಗೆ ಎಷ್ಟು ಕಪ್ಪಿದೆ ಅಂತ ಮಾತ್ರ ನೋಡುತ್ತದೆ, ನಾಕ್ಸ್ ನೋಡೋದೇ ಇಲ್ಲ. ನಾಕ್ಸ್ ಕಣ್ಣಿಗೆ ಕಾಣೋದಿಲ್ಲ, ಎದೆಗೆ ಹೋಗುತ್ತದೆ. ಹೊಸೂರು ಸರ್ಕಲ್‌ನಲ್ಲಿ ಸಿಗ್ನಲ್‌ಗೆ ನಿಂತಾಗ ಅದನ್ನು ಉಸಿರಾಡೋದು ನಮ್ಮ ಮನೆಯವರೇ.

ಬಿಎಸ್6, ಅಂದರೆ 2020ರಲ್ಲಿ ಬಂದ ಹೊಗೆ ನಿಯಮದ ಗಾಡಿ ಇದ್ದವರಿಗೆ ಈ ಚರ್ಚೆಯೇ ಬೇಡ. ಅದರಲ್ಲಿ ಸೆನ್ಸರ್‌ಗಳು ಇಜಿಆರ್ ಹರಿವನ್ನು ಕಾಯುತ್ತಿರುತ್ತವೆ. ಪ್ಲೇಟು ಹಾಕಿದರೆ ಲೈಟ್ ಹತ್ತುತ್ತದೆ, ಆಮೇಲೆ ಪವರ್ ಇಳಿಯುತ್ತದೆ. ಸಾಫ್ಟ್‌ವೇರ್ ಬದಲಿಸಿ ಕೊಡುತ್ತೇವೆ ಅನ್ನುವವರ ಕೈಗೆ ಸಿಕ್ಕರೆ ಗ್ಯಾರಂಟಿಯೂ ಹೋಗುತ್ತದೆ.

ಸೋರಿಕೆಯನ್ನು ನಿರ್ಲಕ್ಷ್ಯ ಮಾಡಿದರೆ ಎಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ 2018ರ ದಕ್ಷಿಣ ಕೊರಿಯಾ ನೋಡಿ. ಅಲ್ಲಿ ಬಿಎಂಡಬ್ಲ್ಯೂ ಡೀಸೆಲ್ ಕಾರುಗಳಿಗೆ ಒಂದರ ಹಿಂದೊಂದು ಬೆಂಕಿ ಹತ್ತಿತು, ಕಂಪನಿ ಒಂದು ಲಕ್ಷಕ್ಕೂ ಹೆಚ್ಚು ಕಾರು ವಾಪಸ್ ಕರೆಸಬೇಕಾಯಿತು. ಕಾರಣ ಇಜಿಆರ್ ಕೂಲರ್. ಸೋರಿದ ಕೂಲಂಟ್ ಮಸಿಯ ಜೊತೆ ಸೇರಿ ಅಂಟಾಗಿ ಕೂತು, ಬಿಸಿ ಹೊಗೆಗೆ ಹೊತ್ತಿಕೊಂಡು ಎಂಜಿನ್ನಿಗೆ ಗಾಳಿ ಒಯ್ಯುವ ಪ್ಲಾಸ್ಟಿಕ್ಕಿನ ಮ್ಯಾನಿಫೋಲ್ಡ್ ಸುಡುತ್ತಿತ್ತು.

ಸೆಕೆಂಡ್ ಹ್ಯಾಂಡ್ ಲಾರಿ ತಗೊಳ್ಳುವವರು ಯಾವುದು ಆರಿಸಬೇಕು?

ಬಿಎಸ್4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಈ ಮೂರು ವರ್ಷದ ಲಾರಿಗಳಲ್ಲಿ ಎರಡು ಜಾತಿ ಸಿಗುತ್ತವೆ. ಅಶೋಕ್ ಲೇಲ್ಯಾಂಡ್‌ನವರು ಐಇಜಿಆರ್ ಅಂತ ಇಜಿಆರ್ ದಾರಿ ಹಿಡಿದರು. ಭಾರತ್‌ಬೆಂಜ್‌ನವರು ಯೂರಿಯಾ ಹಾಕುವ ಎಸ್‌ಸಿಆರ್ ದಾರಿ ಹಿಡಿದರು. ಎಸ್‌ಸಿಆರ್‌ನಲ್ಲಿ ನಾಕ್ಸನ್ನು ಎಂಜಿನ್ನಿನ ಒಳಗೆ ತಡೆಯೋದಿಲ್ಲ, ಹೊರಗೆ ಸೈಲೆನ್ಸರ್ ಹತ್ತಿರ ಯೂರಿಯಾ ದ್ರವ ಚಿಮುಕಿಸಿ ಕೊಲ್ಲುತ್ತಾರೆ. ಹಾಗಾಗಿ ರೇಡಿಯೇಟರ್ ಮೇಲೆ ಹೆಚ್ಚಿನ ಬಿಸಿ ಬೀಳೋದಿಲ್ಲ, ಎಂಜಿನ್ ಒಳಗೆ ಮಸಿಯೂ ಕಮ್ಮಿ.

ಕಾರವಾರ, ಅಂಕೋಲಾ ಕಡೆಯಿಂದ ಲೋಡು ತುಂಬಿಕೊಂಡು ಘಾಟು ಹತ್ತುವ ಬಾಡಿಗೆ ನಿಮ್ಮದಾದರೆ ನಾನು ಎಸ್‌ಸಿಆರ್ ಗಾಡಿಯನ್ನೇ ಹೇಳುತ್ತೇನೆ. ಯೂರಿಯಾ ಖರ್ಚು ಡೀಸೆಲ್ಲಿನ ನೂರಕ್ಕೆ ಮೂರರಿಂದ ಆರು ಪಾಲು ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಒಳ್ಳೆ ಮಾಲು ಹಾಕಿ, ಅದರಲ್ಲಿ 32.5 ಶೇಕಡಾ ಯೂರಿಯಾ ಇರಬೇಕು, ಉಳಿದದ್ದು ಶುದ್ಧ ನೀರು. ಹೊಲಕ್ಕೆ ಹಾಕುವ ಯೂರಿಯಾ ಬೋರ್ ನೀರಲ್ಲಿ ಕದಡಿ ಹಾಕಿ ಸಿಸ್ಟಮ್ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅಮರಗೋಳ ಎಪಿಎಂಸಿಯಿಂದ ಊರೊಳಗೆ ಸಣ್ಣ ಸಣ್ಣ ಟ್ರಿಪ್ ಹೊಡೆಯುವವರಿಗೆ ಎಸ್‌ಸಿಆರ್ ಅಷ್ಟು ಹೊಂದೋದಿಲ್ಲ. ಹೊಗೆ ಇನ್ನೂರು ಡಿಗ್ರಿ ಹತ್ತಿರ ಬಿಸಿ ಆಗದೆ ಅದು ಸರಿಯಾಗಿ ಕೆಲಸ ಮಾಡೋದಿಲ್ಲ, ಯೂರಿಯಾ ಹರಳುಗಟ್ಟುತ್ತದೆ. ಅಂಥವರಿಗೆ ಇಜಿಆರ್ ಗಾಡಿಯೇ ವಾಸಿ, ವರ್ಷಕ್ಕೊಮ್ಮೆ ಮಸಿ ತೆಗೆಸುವ ಖರ್ಚು ಇಟ್ಟುಕೊಂಡರಾಯಿತು.

ಬಿಎಸ್6 ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ, ಜೊತೆಗೆ ಮಸಿ ಹಿಡಿಯುವ ಡಿಪಿಎಫ್ ಬೇರೆ. ಅಲ್ಲಿ ಕೂಲರ್ ಸೋರಿ ಕೂಲಂಟ್ ಸೈಲೆನ್ಸರ್ ಕಡೆ ಹೋದರೆ ಆ ದುಬಾರಿ ಸಾಮಾನೂ ಕೆಡುತ್ತದೆ. ಅದಕ್ಕೇ ಬಿಎಸ್6 ತಗೊಳ್ಳುವಾಗ ಟೈರ್, ಬಾಡಿ ನೋಡುವ ಮೊದಲು ಕೂಲಂಟ್ ಡಬ್ಬಿಯ ಮುಚ್ಚಳ ತೆಗೆಯಿರಿ. ಬಣ್ಣದ, ತಿಳಿಯಾದ ಕೂಲಂಟ್ ಇದ್ದರೆ ಸರಿ. ತುಕ್ಕಿನ ಬಣ್ಣದ ನೀರು, ಅಂಚಿಗೆ ಬಿಳಿ ಗೆರೆ, ಮೇಲೆ ಕಪ್ಪು ಎಣ್ಣೆ ಪೊರೆ ಇದ್ದರೆ ಬೆಲೆ ಮಾತಾಡುವಾಗ ಅದರಲ್ಲಿ ಕೂಲರಿನ ದುಡ್ಡು ಮುರಿದುಕೊಳ್ಳಿ.

ಗಾಡಿ ನೋಡೋಕೆ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ಸ್ಟಾರ್ಟ್ ಮಾಡುವ ಮೊದಲು ಡಬ್ಬಿಯ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯಿರಿ, ಆಮೇಲೆ ಲೋಡು ಹಾಕಿಸಿ ಒಂದು ತಾಸು ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು ಮತ್ತೆ ಗೆರೆ ನೋಡಿ. ನೀವು ಹೋಗುವಷ್ಟರಲ್ಲಿ ಮಾಲೀಕರು ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಟ್ಟಿದ್ದರೆ, ‘ನಾಳೆ ಬರ್ತೀನ್ರಿ’ ಅಂತ ಹೇಳಿ ವಾಪಸ್ ಬನ್ನಿ.